ಒಣ ಜಿಲ್ಲೆಯ ಹಾಡುಗಾರ

ಶನಿವಾರ ಸಂಜೆ ರಾಯ್ಸ್ ಹಂಡ್ಲಿ ಕನ್ನಡಿಯ ಮುಂದೆ ನಿಂತನೆಂದರೆ, ಅವನ ಹೆಂಡತಿ ನೆಲ್ಡಾ ಬೀನ್ಸು ಬೇಯಿಸಿ, ಉಂಡು, ಪಾತ್ರೆ ತೊಳೆದು ಒರೆಸಿಟ್ಟರೂ ಅವನು ತಲೆ ಬಾಚುವುದು ಮುಗಿಯುತ್ತಿರಲಿಲ್ಲ. ಭುಜಕ್ಕೆ ಬೀಳುವ ಕೂದಲು, ಬೆಲ್ಟಿಗೆ ತಟ್ಟೆಯಗಲದ ಹಿತ್ತಾಳೆ ಬಿಲ್ಲೆ, ಗರಿ ಸಿಕ್ಕಿಸಿದ ಟೋಪಿ, ಮೊನಚು ಮೂತಿಯ ಬೂಟು. ಹುಟ್ಟಿದಾರಭ್ಯ ಒಂದು ಹಸು ಕಟ್ಟಿದವನಲ್ಲ, ಒಂದು ಕುದುರೆಯ ಬಾಲ ಮುಟ್ಟಿದವನಲ್ಲ. ವಾರವಿಡೀ ಟಿಲ್ಮನ್ ಊರಿನ ಕಾಲುಚೀಲದ ಮಿಲ್ಲಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವುದು ಅವನ ಕೆಲಸ. ಶನಿವಾರ ಮಾತ್ರ ಅಲಬಾಮದ ಅಷ್ಟೂ ಬೆಟ್ಟಗಳನ್ನು ಒಬ್ಬನೇ ಅಲೆದು ಬಂದವನ ಮುಖ ಮಾಡಿಕೊಂಡು, ಗಿಟಾರಿನ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಿದ್ದ.

ಹೊರಡುವುದಾದರೂ ಎಲ್ಲಿಗೆ? ಜಿಲ್ಲೆಯ ಗಡಿಯಾಚೆಗೆ. ನಮ್ಮ ಹ್ಯಾಕೆಟ್ ಜಿಲ್ಲೆ ಒಣ ಜಿಲ್ಲೆ, ಹೆಂಡ ಮಾರುವಂತಿಲ್ಲ. ಅಜ್ಜಂದಿರ ಕಾಲದಲ್ಲೇ ಬ್ಯಾಪ್ಟಿಸ್ಟ್ ಪಾದ್ರಿಗಳು ಜನರಿಂದ ಮತ ಹಾಕಿಸಿ ಹೆಂಡವನ್ನು ಓಡಿಸಿದ್ದರು. ಅದು ಓಡಿಹೋಗಿದ್ದು ಹಳ್ಳದ ಸೇತುವೆಯವರೆಗೆ ಮಾತ್ರ. ಸೇತುವೆ ದಾಟಿದರೆ ಪಕ್ಕದ ಜಿಲ್ಲೆ, ಅಲ್ಲಿನ ಮೊದಲ ಕಟ್ಟಡವೇ ಒಡೆಸಾ ಪ್ರೂಯಿಟ್ ಎಂಬ ವಿಧವೆ ನಡೆಸುತ್ತಿದ್ದ ತಗಡಿನ ಮಾಡಿನ ಬಾರು. ತಣ್ಣನೆಯ ಬಿಯರು, ಕರಿದ ಮೀನು, ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ಒಂದು ಮೂಲೆಯಲ್ಲಿ ವಾದ್ಯದವರಿಗೆಂದು ಹಲಗೆ ಜೋಡಿಸಿದ ವೇದಿಕೆ. ಶನಿವಾರ ಬಂತೆಂದರೆ ಟಿಲ್ಮನ್ನಿನ ಅರ್ಧ ಊರು ಅಲ್ಲಿ.

ಅಲ್ಲಿಗೊಂದು ಕಟ್ಟಳೆಯಿತ್ತು. ಯಾರೂ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಬೈಬಲ್ಲಿನ ಹತ್ತು ಆಜ್ಞೆಗಳಿಗಿಂತ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೆವು. ಸೇತುವೆಯಾಚೆ ಯಾರನ್ನು ಕಂಡರೂ ಕಂಡಿಲ್ಲ. ಸಂಜೆ ಒಂದೇ ಬೆಂಚಿನ ಮೇಲೆ ಕೂತು ಒಂದೇ ತಟ್ಟೆಯ ಕಡಲೆಕಾಯಿ ಸುಲಿದವರು, ಬೆಳಗ್ಗೆ ಚರ್ಚಿನ ಬಾಗಿಲಲ್ಲಿ ಎದುರಾದರೆ, ನಿಮ್ಮನ್ನು ನೋಡಿ ಬಹಳ ದಿನವಾಯಿತಲ್ಲ ಎಂದು ಕೈ ಕುಲುಕಬೇಕು. ಇಬ್ಬರ ಬಾಯಲ್ಲೂ ಪುದೀನ ಪೆಪ್ಪರಮೆಂಟು ಇರುತ್ತಿತ್ತು. ಇಂಥ ಆಷಾಢಭೂತಿಗಳು ನಾವು. ರಾಯ್ಸನೊಬ್ಬನೇ ಮೂರ್ಖನೆಂದು ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಎಪ್ಪತ್ತಮೂರರ ಸುಮಾರಿಗೆ ರಾಯ್ಸನೂ ಅದೇ ಮಿಲ್ಲಿನ ಲಮಾರ್ ಸ್ಟಬಲ್‌ಫೀಲ್ಡನೂ ಇನ್ನು ಮೂವರನ್ನು ಸೇರಿಸಿಕೊಂಡು ಬ್ಯಾಂಡು ಕಟ್ಟಿದರು. ಆಗ ನಮ್ಮ ದಕ್ಷಿಣದ ಸೀಮೆಯಲ್ಲಿ ಗಡ್ಡ ಬಂದ ಗಂಡಸರೆಲ್ಲ ಬ್ಯಾಂಡು ಕಟ್ಟುತ್ತಿದ್ದರು. ಇವರು ಇಟ್ಟುಕೊಂಡ ಹೆಸರು 'ಹ್ಯಾಕೆಟ್ ಲೈನ್', ಅಂದರೆ ಹ್ಯಾಕೆಟ್ಟಿನ ಗಡಿ. ಆ ಗಡಿಯ ಹೆಸರನ್ನೇ ಅಂಗಿಯ ಬೆನ್ನಿಗೆ ಅಚ್ಚು ಹಾಕಿಸಿಕೊಂಡು ವರ್ಷಗಟ್ಟಲೆ ತಿರುಗಿದ ರಾಯ್ಸನಿಗೆ, ತನಗೆ ಅನ್ನ ಹಾಕುತ್ತಿರುವುದು ಆ ಗಡಿಯೇ ಎಂದು ತಿಳಿಯಲಿಲ್ಲವೆಂದರೆ ಅವನ ಬುದ್ಧಿಗೆ ಏನೆನ್ನೋಣ? ವೇದಿಕೆಯ ಹಿಂದೆ, ನೂರು ವರ್ಷದ ಹಿಂದೆ ದಕ್ಷಿಣದವರು ಸೋತ ಅಂತರ್ಯುದ್ಧದ ಬಾವುಟವನ್ನು ಬೇರೆ ತೂಗುಹಾಕಿದ್ದ. ಅವನ ಮುತ್ತಜ್ಜ ಆ ಯುದ್ಧಕ್ಕೆ ಕರೆ ಬಂದಾಗ, ಮುಗಿಯುವವರೆಗೂ ಗುಡ್ಡದ ಗುಹೆಯೊಂದರಲ್ಲಿ ಅಡಗಿ ಕೂತಿದ್ದನೆಂದು ಊರಿಗೇ ಗೊತ್ತು.

ಅವನದೇ ಒಂದು ಹಾಡಿತ್ತು, 'ಅಪ್ಪನ ಟ್ರಕ್ಕು'. ಅಪ್ಪನ ಹಳೇ ಟ್ರಕ್ಕು ಏರಿ, ಕೆಂಪು ಧೂಳೆಬ್ಬಿಸಿಕೊಂಡು, ಯಾರ ಹಂಗಿಲ್ಲದೆ ಹೊರಟುಹೋಗುವ ಹಾಡು. ಅವನಪ್ಪನಿಗೆ ಟ್ರಕ್ಕೇ ಇರಲಿಲ್ಲ. ಪಾಪದ ಮನುಷ್ಯ ಸಾಯುವವರೆಗೆ ನೆರೆಯವನ ಗಾಡಿಯಲ್ಲಿ ಕೂತು ಮಿಲ್ಲಿಗೆ ಹೋಗಿ ಬಂದ. ಮಗನೂ ಎಲ್ಲಿಗೂ ಹೊರಟುಹೋದವನಲ್ಲ. ಹಾಡಿನಲ್ಲಿ ಪದ ಇದ್ದದ್ದು ಸ್ವಲ್ಪ, ನಡುವೆ ಗಿಟಾರು ಬಾರಿಸುವುದು ಬಹಳ. ಅದು ಶುರುವಾದಾಗ ಮೀನಿಗೆ ಹೇಳಿದರೆ, ಒಡೆಸಾ ಅದನ್ನು ಕರಿದು ತಂದು, ನಾವು ತಿಂದು, ಮುಳ್ಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿಟ್ಟರೂ ಟ್ರಕ್ಕು ಇನ್ನೂ ಊರ ಗಡಿ ದಾಟಿರುತ್ತಿರಲಿಲ್ಲ. ಸುಳ್ಳು ಹೇಳಬಾರದು, ಎರಡು ಗಿಟಾರು ಜೊತೆಯಾಗಿ ಮೇಲೇರುವ ಜಾಗವೊಂದಿತ್ತು, ಅದು ಚೆನ್ನಾಗಿತ್ತು. ಒಂದು ಗಿಟಾರು ಲಮಾರನದಾಗಿತ್ತಲ್ಲ, ಅದಕ್ಕೆ.

ಜನ ಕಿಕ್ಕಿರಿದರು. ಕುಣಿದರು, ಟೋಪಿ ಎಸೆದರು, ಮೇಜಿನ ಮೇಲೆ ಹತ್ತಿ ನಿಂತರು. ಬಿಯರು ಒಳಗೆ ಹೋದರೆ ಮನುಷ್ಯ ನಾಯಿ ಬೊಗಳಿದರೂ ಕುಣಿಯುತ್ತಾನೆ. ರಾಯ್ಸನಿಗೆ ಮಾತ್ರ ಅದೆಲ್ಲ ತನಗೆ ಬಂದ ಪೂಜೆಯಾಗಿ ಕಂಡಿತು. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಅಜ್ಜಿಯ ಪೈಕಿ ಅವನು. ಒಮ್ಮೆ ಅಟ್ಲಾಂಟಾದ ರೆಕಾರ್ಡು ಕಂಪನಿಯವನೊಬ್ಬ ಬಂದು, ಮೀನು ತಿಂದು, 'ಅಪ್ಪನ ಟ್ರಕ್ಕು' ಅರ್ಧ ದಾರಿಯಲ್ಲಿರುವಾಗ ಎದ್ದು ಹೋದ. ಆತ ಕಣ್ಣೀರು ತಡೆಯಲಾರದೆ ಹೊರಗೆ ಹೋದನೆಂದು ರಾಯ್ಸ್ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಇನ್ನು ಕಂಬದ ಹಿಂದಿನ ಮನುಷ್ಯ. ಒಡೆಸಾಳ ಬಾರಿನ ನಟ್ಟನಡುವೆ ಮಾಡಿಗೆ ಆನಿಸಿದ ದಪ್ಪ ಕಂಬವೊಂದಿತ್ತು. ಅದರ ಹಿಂದಿನ ಪುಟ್ಟ ಮೇಜಿನಲ್ಲಿ, ಪಕ್ಕದ ಬಾಗಿಲಿಗೆ ಹತ್ತಿರವಾಗಿ, ಪ್ರತಿ ಶನಿವಾರ ಒಬ್ಬ ಕೂರುತ್ತಿದ್ದ. ವೇದಿಕೆಯ ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ರಾಯ್ಸನಿಗೆ ಕಾಣುತ್ತಿದ್ದದ್ದು ಒಂದು ಟೋಪಿಯ ಅಂಚು, ಒಂದು ಬೂಟಿನ ತುದಿ, ಅಷ್ಟೇ. ಆ ಮನುಷ್ಯ ಕುಣಿಯಲಿಲ್ಲ, ಕೂಗಲಿಲ್ಲ, ಬೇರೆಯವರ ಹಾಡು ಹಾಡಿರೆಂದು ಗದ್ದಲ ಮಾಡಲಿಲ್ಲ. 'ಅಪ್ಪನ ಟ್ರಕ್ಕು' ಶುರುವಾದರೆ ಬೂಟು ಅಲುಗಾಡದೆ ಕೂರುತ್ತಿತ್ತು; ಗಿಟಾರು ಮೇಲೇರುವ ಹೊತ್ತಿಗೆ ರಾಯ್ಸನೇ ಕಣ್ಣು ಮುಚ್ಚಿರುತ್ತಿದ್ದ, ಆಮೇಲಿನದು ಅವನಿಗೆ ಕಾಣುತ್ತಿರಲಿಲ್ಲ. ಆ ಮನುಷ್ಯನೊಬ್ಬನೇ ನಿಜವಾದ ರಸಿಕ, ಕಣ್ಣು ಮುಚ್ಚಿ ಕೇಳುತ್ತಾನೆ ಎಂದು ರಾಯ್ಸ್ ತೀರ್ಮಾನಿಸಿದ. ಯಾರು ಅವನು ಎಂದು ಲಮಾರನನ್ನು ಕೇಳಿದರೆ, ಯಾರೋ ಇರಬೇಕು ಎಂದು ಲಮಾರ್ ತಂತಿ ಬಿಗಿ ಮಾಡಿಕೊಂಡ. ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಆದರೆ ಕಟ್ಟಳೆ ಕಟ್ಟಳೆಯೇ. ಇಳಿದು ಹೋಗಿ ನೋಡಬಹುದಿತ್ತು. ಹಾಡು ಮುಗಿದ ಮೇಲೂ ರಾಯ್ಸ್ ದೀಪದಡಿಯಿಂದ ಇಳಿಯುವವನಲ್ಲ.

ಎಂಬತ್ತನಾಲ್ಕರಲ್ಲಿ ಅವನಿಗೆ ಇನ್ನೊಂದು ಕೊಂಬು ಮೂಡಿತು. ಬಾರಿನ ಮುಂದಿನ ಹಲಗೆಯಲ್ಲಿ ಬಿಯರಿನ ಹೆಸರು ದೊಡ್ಡದಾಗಿ, ಬ್ಯಾಂಡಿನದು ಅದರ ಕೆಳಗೆ ಸಣ್ಣದಾಗಿ ಇತ್ತು. ತನ್ನ ಹೆಸರು ಮೇಲೆ ಬರಬೇಕು, ರಾಯ್ಸ್ ಹಂಡ್ಲಿ ಎಂದೇ ಬರಬೇಕು ಎಂದು ಒಡೆಸಾಳ ಮುಂದೆ ನಿಂತ. ಅವಳು ಮೀನಿಗೆ ಹಿಟ್ಟು ಹಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಜನ ಬರೋದು ನನ್ನ ಬಿಯರಿಗೆ ಮಗಾ," ಎಂದಳು. "ಗ್ಲಾಸ್ ಹಿಡ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಾ ಕೂತ್ರೆ ನಾಚಿಕೆ ಆಗುತ್ತೆ ನೋಡು, ಅದಕ್ಕೆ ನೀನು ಬೇಕು."

"ನಾನೆಲ್ಲಿ ಹಾಡಿದ್ರೆ ಅಲ್ಲಿಗೆ ಬರ್ತಾರೆ ಮಿಸ್ ಒಡೆಸಾ. ತೋರಿಸ್ತೀನಿ, ನೋಡ್ತಾ ಇರಿ."

"ತೋರ್ಸು," ಎಂದು ಅವಳು ಮೀನನ್ನು ಎಣ್ಣೆಗೆ ಬಿಟ್ಟಳು.

ತೋರಿಸಲು ಅವನಿಗೆ ದಾರಿಯೂ ಸಿಕ್ಕಿತು. ಆ ವರ್ಷ ಟಿಲ್ಮನ್ನಿನ ದಿನಸಿ ಅಂಗಡಿಯವರು ಸೇರಿ ಸಹಿ ಸಂಗ್ರಹಿಸಿ, ಜಿಲ್ಲೆಯಲ್ಲಿ ಹೆಂಡ ಮಾರಲು ಬಿಡಬೇಕೋ ಬೇಡವೋ ಎಂದು ಮತಕ್ಕೆ ಹಾಕಿಸಿದರು. ರಾಯ್ಸನ ಲೆಕ್ಕ ಸರಳ. ಜಿಲ್ಲೆಗೆ ಹೆಂಡ ಬಂದರೆ ಊರೊಳಗಿನ ಹಾಳುಬಿದ್ದ ಸಿನಿಮಾ ಮಂದಿರವನ್ನು ಹಿಡಿಯುವುದು, ಅದಕ್ಕೆ ತನ್ನ ಹೆಸರಿಡುವುದು, ಅಷ್ಟೂ ಜನ ಒಡೆಸಾಳನ್ನು ಬಿಟ್ಟು ತನ್ನ ಹಿಂದೆ ಬರುವುದು. ಜನ ತನಗಾಗಿ ಬರುತ್ತಾರೆಂದು ಊರಿಗೆಲ್ಲ ರುಜುವಾತಾಗಬೇಕು, ಅದೊಂದೇ ಅವನಿಗೆ ಬೇಕಾಗಿದ್ದದ್ದು. ಇದಕ್ಕಾಗಿ ಅವನು ತಾನು ಕೂತ ಕೊಂಬೆಗೆ ತಾನೇ ಗರಗಸ ಹಿಡಿದು ನಿಂತ.

ಬೇಡವೆಂದು ಹೇಳದವರಿಲ್ಲ. ಲಮಾರ್ ಹೇಳಿದ. ನೆಲ್ಡಾ ಮಿಲ್ಲಿನಲ್ಲಿ ಅವನು ಎಣ್ಣೆ ಬಿಡುತ್ತಿದ್ದಲ್ಲಿಗೇ ಬಂದು ಹೇಳಿದಳು.

"ಮನೆ ಪಕ್ಕದಲ್ಲೇ ಬಿಯರ್ ಸಿಗೋ ಹಾಗಾದ್ರೆ, ಅವರು ಟೀವಿ ಮುಂದೆ ಚಡ್ಡಿ ಹಾಕ್ಕೊಂಡು ಕುಡೀತಾರೆ ರಾಯ್ಸ್. ನಿನ್ನ ಟ್ರಕ್ ಹತ್ತೋಕೆ ಯಾರು ಬರ್ತಾರೆ?"

"ನಿನಗೆ ಸಂಗೀತ ಅರ್ಥ ಆಗಲ್ಲ," ಎಂದ ಅವನು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಮತದಾನಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಹ್ಯಾಕೆಟ್ ಲೈನ್ ನ್ಯಾಯಾಲಯದ ಮುಂದಿನ ಹುಲ್ಲಿನ ಮೇಲೆ ಹೆಂಡದ ಪರವಾಗಿ ಹಾಡಿತು. ಎದುರುಗಡೆ ಚರ್ಚಿನವರು ಹೆಂಡದ ವಿರುದ್ಧ ಚೀಟಿ ಹಂಚುತ್ತಿದ್ದರು. ಅವರಿಗೆಲ್ಲ ಮುಂದಾಳು ಆರ್ಲಿಸ್ ಗ್ರಿಸಮ್, ಬೀಜ ಗೊಬ್ಬರದ ಅಂಗಡಿಯವನು, ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ, ಊರಿಗೆಲ್ಲ ಬ್ರದರ್ ಆರ್ಲಿಸ್. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಬಂದವರ ಕೈ ಕುಲುಕುವವನೂ ಅವನೇ. ಅಂದು ಅವರ ಊಟಕ್ಕೆ ಬುಟ್ಟಿ ತುಂಬ ಕರಿದ ಮೀನು ಬಂದಿತ್ತು. ಒಡೆಸಾ ಕಳಿಸಿದ್ದು. ಎಲ್ಲಿಂದ ಬಂತೆಂದು ಪಾದ್ರಿ ಕೇಳಲಿಲ್ಲ. ಹೆಂಡ ಬೇಡವೆನ್ನುವುದರಲ್ಲಿ ಪಾದ್ರಿಗೂ ಹೆಂಡ ಮಾರುವವಳಿಗೂ ಒಂದೇ ಮತ, ಇದು ನಮ್ಮ ಸೀಮೆಯಲ್ಲಿ ಎಳೆಮಕ್ಕಳಿಗೂ ಗೊತ್ತಿರುವ ಗಣಿತ. ಗೊತ್ತಿಲ್ಲದವನು ಹುಲ್ಲಿನ ಮೇಲೆ ನಿಂತು ಗಿಟಾರು ಬಾರಿಸುತ್ತಿದ್ದ.

ಹಾಡು ನಿಂತಾಗ ಬ್ರದರ್ ಆರ್ಲಿಸ್ ಬಿಸಿಲಲ್ಲಿ ಬೆವರುತ್ತ ರಾಯ್ಸನ ಹತ್ತಿರ ಬಂದ. ಚೀಟಿಯೊಂದನ್ನು ಅವನ ಕೈಗೆ ತುರುಕಿ, "ಬೇಡ ಮಗಾ, ಇದೊಂದು ಕೆಲಸ ಮಾಡಬೇಡ," ಎಂದ. ರಾಯ್ಸ್ ಆ ಚೀಟಿಯಿಂದ ಗಿಟಾರಿನ ಮೇಲಿನ ಬೆವರು ಒರೆಸಿ ಎಸೆದ. ಸುತ್ತ ನಿಂತವರು ನಕ್ಕರು. ಅವನು ಅದನ್ನೂ ಚಪ್ಪಾಳೆಯ ಲೆಕ್ಕಕ್ಕೆ ಸೇರಿಸಿಕೊಂಡ.

ಹೆಂಡ ಗೆದ್ದಿತು. ಅವನು ಬೀದಿಯಲ್ಲಿ ಗಾಡಿಯ ಮೇಲೆ ನಿಂತು ಮೆರೆದ. ಆಮೇಲೆ ಊರಿನ ಪಂಚಾಯತಿಯವರು ಸೇರಿ, ಬಿಯರನ್ನು ಅಂಗಡಿಯಲ್ಲಿ ಕೊಂಡು ಮನೆಗೊಯ್ಯಬಹುದು, ಕೂತು ಕುಡಿಯುವ ಜಾಗಕ್ಕೆ ಮಾತ್ರ ಊರೊಳಗೆ ಅಪ್ಪಣೆಯಿಲ್ಲ ಎಂದು ತೀರ್ಮಾನಿಸಿದರು. ಅಲ್ಲಿಗೆ ಸಿನಿಮಾ ಮಂದಿರದ ಕನಸು ಮುಗಿಯಿತು. ಪರವಾಗಿಲ್ಲ, ಒಡೆಸಾಳಲ್ಲಿಗೇ ಬರುತ್ತಾರೆ, ಬಂದೇ ಬರುತ್ತಾರೆ ಎಂದು ರಾಯ್ಸ್ ಮತ್ತೆ ಸೇತುವೆ ದಾಟಿದ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ಈಗ ಜನಕ್ಕೆ ಹೊಳೆ ದಾಟುವ ಕೆಲಸವೇ ಇರಲಿಲ್ಲ. ಮೊದಲ ಶನಿವಾರ ಅರ್ಧ ಮೇಜು ಖಾಲಿ. ಮಳೆಗೆ ಎಂದ ರಾಯ್ಸ್. ಮರುವಾರ ಮೋಡವೂ ಇರಲಿಲ್ಲ, ಫುಟ್‌ಬಾಲಿಗೆ ಎಂದ. ಫುಟ್‌ಬಾಲು ಮುಗಿಯಿತು, ಜಿಂಕೆ ಬೇಟೆಗೆ ಎಂದ. ನೆಪಗಳ ಕಾಲವೂ ಮುಗಿದು ಚಳಿಗಾಲ ಕಳೆಯುವಷ್ಟರಲ್ಲಿ ಡ್ರಮ್ಮಿನವನು ಇನ್ನೊಂದು ಕಡೆ ಹೊರಟುಹೋದ, ಉಳಿದಿಬ್ಬರು ಬರುವುದನ್ನೇ ಬಿಟ್ಟರು. ಒಮ್ಮೆ ರಾಯ್ಸ್ ದಿನಸಿ ಅಂಗಡಿಯಲ್ಲಿ ತನ್ನ ಹಳೇ ಅಭಿಮಾನಿಯೊಬ್ಬನನ್ನು ಹಿಡಿದು ನಿಲ್ಲಿಸಿ, ಯಾಕೆ ಬರುತ್ತಿಲ್ಲವೆಂದು ಕೇಳಿಯೇಬಿಟ್ಟ. ಒಂದು ಕಾಲದಲ್ಲಿ ಮೇಜಿನ ಮೇಲೆ ಹತ್ತಿ ಟೋಪಿ ಎಸೆಯುತ್ತಿದ್ದವನು. ಅವನು ಬಿಯರಿನ ಡಬ್ಬಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಬರಬೇಕು ಬರಬೇಕು, ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಹೊರಟುಹೋದ. ಸೇತುವೆ ಇದ್ದಲ್ಲೇ ಇತ್ತು.

ಹಾಗಿದ್ದೂ ರಾಯ್ಸನ ಜಂಬ ಪೂರ್ತಿ ಸಾಯಲಿಲ್ಲ. ಕಂಬದ ಹಿಂದಿನ ಮನುಷ್ಯ ಬರುತ್ತಲೇ ಇದ್ದ. ಚಳಿಯಲ್ಲೂ ಬಂದ, ಮಳೆಯಲ್ಲೂ ಬಂದ. ಅದೇ ಟೋಪಿಯಂಚು, ಅದೇ ಬೂಟು. ಬಿಯರು ಮನೆ ಬಾಗಿಲಲ್ಲಿ ಸಿಗುವಾಗಲೂ ಇಷ್ಟು ದೂರ ಬರುತ್ತಾನೆಂದರೆ ಅವನು ಬರುವುದು ಯಾವುದಕ್ಕೆ? ರಾಯ್ಸ್ ಇದನ್ನು ಲಮಾರನಿಗೆ ಹೇಳಿದ, ನೆಲ್ಡಾಳಿಗೆ ಹೇಳಿದ. ನೂರು ಜನ ಕುಡುಕರು ಹೋಗಲಿ, ಒಬ್ಬ ರಸಿಕ ಸಾಕು ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ಮುಂಚಿನ ಠೀವಿಯಿರಲಿಲ್ಲ, ಬೇಡುವವನ ಕಳೆಯಿತ್ತು. ನೆಲ್ಡಾ ಅದನ್ನು ನೋಡಿಯೂ ನೋಡದಂತೆ ಬೀನ್ಸಿನ ನಾರು ತೆಗೆದಳು.

ಏಪ್ರಿಲ್ಲಿನಲ್ಲಿ ಒಡೆಸಾ ಬಾರು ಮುಚ್ಚುವುದಾಗಿ ಹೇಳಿದಳು. ಕೊನೆಯ ಶನಿವಾರ ರಾಯ್ಸನೂ ಲಮಾರನೂ ಇಬ್ಬರೇ ಹೋದರು. ಹೊರಗೆ ಇನ್ನೂ ಬೆಳಕಿತ್ತು. ಒಡೆಸಾ ಕರೆಂಟು ಉಳಿಸಲು ವೇದಿಕೆಯ ದೀಪಗಳನ್ನು ಹಾಕಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ರಾಯ್ಸನಿಗೆ ಎದುರಿನ ಕೋಣೆ ಸ್ಪಷ್ಟವಾಗಿ ಕಂಡಿತು. ಮಡಚಿಟ್ಟ ಕುರ್ಚಿಗಳು, ಸಿಪ್ಪೆ ಗುಡಿಸದ ನೆಲ, ಕಂಬ, ಕಂಬದ ಹಿಂದೆ ಒಬ್ಬ. ರಾಯ್ಸ್ ಗಿಟಾರು ಕೆಳಗಿಟ್ಟು ಇಳಿದು ಹೋದ. ಕೃತಜ್ಞತೆಯ ಮಾತೊಂದನ್ನು ದಾರಿಯಲ್ಲೇ ಸಿದ್ಧಪಡಿಸಿಕೊಂಡಿದ್ದ.

ಟೋಪಿಯ ಕೆಳಗೆ ಇದ್ದದ್ದು ಆರ್ಲಿಸ್ ಗ್ರಿಸಮ್.

"ಬ್ರದರ್ ಆರ್ಲಿಸ್?"

"ಮೆತ್ತಗೆ," ಎಂದ ಆತ. "ಕೂತ್ಕೋ. ಇಲ್ಲಿ ಬ್ರದರೂ ಇಲ್ಲ ಸಿಸ್ಟರೂ ಇಲ್ಲ."

ರಾಯ್ಸ್ ಕೂತ. ಸಿದ್ಧಪಡಿಸಿದ ಮಾತು ಮರೆತುಹೋಗಿತ್ತು. ಅದರ ಬದಲು ಚಿಕ್ಕ ಹುಡುಗನ ಹಾಗೆ ಕೇಳಿದ, "ನೀವು ನನ್ನ ಹಾಡು ಕೇಳೋಕೆ ಬರ್ತಾ ಇದ್ರಿ, ಅಲ್ವಾ?"

ಮುದುಕ ಗ್ಲಾಸಿನ ತಳ ನೋಡಿದ. "ಸುಳ್ಳು ಹೇಳೋದು ಪಾಪ," ಎಂದ. "ಊರಿನ ಅಂಗಡೀಲಿ ಬಿಯರ್ ಇಟ್ಟಿರೋದು ಹಾಲಿನ ಪಕ್ಕದಲ್ಲಿ. ಅಲ್ಲಿ ಯಾವಾಗ ನೋಡು, ನಮ್ಮ ಚರ್ಚಿನ ಹೆಂಗಸರೇ ನಿಂತಿರ್ತಾರೆ. ನಾನು ಅಲ್ಲಿ ಕೈ ಹಾಕೋಕೆ ಆಗುತ್ತಾ? ನನಗಿದ್ದದ್ದು ಇದೊಂದು ಕುರ್ಚಿ."

"ಮತ್ತೆ, ಹಾಡು?"

"ಆ ಟ್ರಕ್ಕಿಂದು ಒಳ್ಳೇದು. ಉದ್ದ ಇದೆ. ಎಲ್ಲರೂ ನಿನ್ನ ಕಡೆ ತಿರುಗಿರ್ತಿದ್ರು. ಎರಡನೇದು ಮುಗ್ಸಿ, ಯಾರ ಕಣ್ಣಿಗೂ ಬೀಳದೆ ಈ ಬಾಗಿಲಲ್ಲಿ ಹೋಗೋಕೆ ಅದೇ ಸರಿಯಾದ ಹೊತ್ತು."

ಹೇಳುತ್ತ ಹೇಳುತ್ತ ಮುದುಕನಿಗೆ ಇಷ್ಟು ದಿನ ಒಳಗಿದ್ದ ಸಿಟ್ಟು ಉಕ್ಕಿಬಂತು.

"ಅವತ್ತು ಆ ಬಿಸಿಲಲ್ಲಿ ನಿಂತು ಚೀಟಿ ಹಂಚಿದ್ನಲ್ಲ, ಯಾಕೆ ಅಂದ್ಕೊಂಡೆ? ದೇವರಿಗೋಸ್ಕರ ಅಂತ ಊರು ತಿಳ್ಕೊಳ್ತು, ತಿಳ್ಕೊಳ್ಲಿ. ಈ ಜಾಗ ಉಳೀಲಿ ಅಂತ ಕಣೋ. ನೀನು ಇಲ್ಲೇ ಹಾಡ್ತಾ ಇರ್ಬೇಕು ಅಂತ. ಇಡೀ ಹ್ಯಾಕೆಟ್ ಜಿಲ್ಲೆಯಲ್ಲಿ ನಿನ್ನ ಪರ ನಿಂತವನು ನಾನೊಬ್ಬನೇ. ನೀನು ಆ ಚೀಟೀಲಿ ಗಿಟಾರಿನ ಬೆವರು ಒರೆಸ್ದೆ."

ಒಡೆಸಾ ಕೇಳಿಸಿಕೊಂಡಳೋ ಇಲ್ಲವೋ, ಬೆನ್ನು ಹಾಕಿ ಗ್ಲಾಸು ಒರೆಸುತ್ತಿದ್ದಳು. ರಾಯ್ಸನ ಮುಖ ಹಿಟ್ಟಿನ ಹಾಗೆ ಬಿಳಿಚಿತು. ಇಂಥವನನ್ನು ಇಷ್ಟು ವರ್ಷ ಹೀಗಳೆದ ನಮಗೂ ಆ ಗಳಿಗೆಯಲ್ಲಿ ನಗು ಬರುತ್ತಿರಲಿಲ್ಲ. ಅವನು ಎದ್ದ. ಆಮೇಲೆ ಒಡೆಸಾಳಲ್ಲಿಗೆ ಹೋಗಿ ಇನ್ನೊಂದು ಬಿಯರು ತಂದು ಮುದುಕನ ಮುಂದಿಟ್ಟು ವೇದಿಕೆಗೆ ಹೋದ.

'ಅಪ್ಪನ ಟ್ರಕ್ಕು' ಎಂದ ಲಮಾರನಿಗೆ. ಲಮಾರ್ ತಲೆಯೆತ್ತಿ ನೋಡಿ ಗಿಟಾರು ಎತ್ತಿಕೊಂಡ. ಆ ಸಂಜೆ ಹಾಡು ಎಂದಿಗಿಂತ ಉದ್ದವಾಗಿತ್ತು. ಡ್ರಮ್ಮಿಲ್ಲ, ಕುಣಿಯುವವರಿಲ್ಲ, ಕೂದಲು ಕೊಡವುವುದೂ ಇಲ್ಲ. ಗ್ಲಾಸು ಖಾಲಿಯಾಗುವವರೆಗೆ ರಾಯ್ಸ್ ಟ್ರಕ್ಕನ್ನು ಊರೊಳಗೇ ಸುತ್ತಿಸಿದ. ಬೂಟಿನ ತುದಿ ಅಲುಗಾಡಿದ್ದನ್ನು ಕಂಡ ಮೇಲೆ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಬಾರಿಸಿದ. ಪಕ್ಕದ ಬಾಗಿಲು ಕಿರುಗುಟ್ಟಿ ಮುಚ್ಚಿಕೊಂಡಿತು. ಆಮೇಲೆ ಹಾಡು ನಿಲ್ಲಿಸಿ ಬಾವುಟ ಬಿಚ್ಚಿ ಮಡಚಿದ.

ಮರುದಿನ ಬೆಳಗ್ಗೆ, ನೆಲ್ಡಾ ಕರೆಯದೆಯೇ ಅವನು ತಲೆ ಬಾಚಿಕೊಂಡು ಅವಳ ಜೊತೆ ಚರ್ಚಿಗೆ ಹೊರಟ. ಬಾಗಿಲಲ್ಲಿ ಬ್ರದರ್ ಆರ್ಲಿಸ್, ಗಂಜಿ ಹಾಕಿದ ಬಿಳಿ ಅಂಗಿ, ಬಾಯಲ್ಲಿ ಪುದೀನ ಪೆಪ್ಪರಮೆಂಟು. ಹಿಂದೆ ಸಾಲು ಕಟ್ಟಿ ನಿಂತವರೆಲ್ಲ ನ್ಯಾಯಾಲಯದ ಹುಲ್ಲನ್ನು ನೆನೆದು, ಈಗೇನಾಗುತ್ತದೋ ಎಂದು ಕತ್ತು ಚಾಚಿದರು. ಮುದುಕನ ಕೈ ಮುಂದೆ ಬಂತು. ಕಣ್ಣು ಮಾತ್ರ ರಾಯ್ಸನ ಬಾಯಿಯನ್ನೇ ನೋಡುತ್ತಿತ್ತು.

"ಏನಪ್ಪಾ ರಾಯ್ಸ್, ನಿನ್ನ ನೋಡಿ ಬಹಳ ದಿನ ಆಯ್ತಲ್ಲ."

ರಾಯ್ಸ್ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೌದು ಬ್ರದರ್ ಆರ್ಲಿಸ್," ಎಂದ. "ಬಹಳ ದಿನ ಆಯ್ತು."